ಕೆಂಪು ಕಣಕ್ಕೆ ಚೀಟಿ ಇಲ್ಲ

ಮಾರ್ಚ್ ೨, ಸೋಮವಾರ

ಹಳೆಯ ಪುಸ್ತಕ ಮುಗಿಯಿತು. ಹೊಲಿಗೆ ಅಂಗಡಿಯ ಅಳತೆ ಪುಸ್ತಕಗಳಲ್ಲಿ ಒಂದು ಖಾಲಿ ಇತ್ತು, ಅದನ್ನೇ ತೆಗೆದುಕೊಂಡೆ. ಎಂಟು ವರ್ಷದ ಹಿಂದೆ ಎಲುಬಿನ ಮಜ್ಜೆ ಕೆಟ್ಟು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ದಿನಾ ಜ್ವರ, ಊಟ, ನಿದ್ದೆ ಬರೆದಿಡಿ ಎಂದಿದ್ದರು. ಬರೆದೆ. ತಮ್ಮನ ಮಜ್ಜೆ ತೆಗೆದು ನನಗೆ ಹಾಕಿದರು, ಬದುಕಿದೆ. ಬರೆಯುವುದನ್ನು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಜ್ವರ ಇಲ್ಲ. ಊಟ ಎರಡು ಹೊತ್ತು. ಸಿಟ್ಟು ಒಂದೇ ಸಲ, ಅದೂ ದಾಖಲೆ ಕಚೇರಿಯಲ್ಲಿ.

ಮಗಳು ಹನ್ನೊಂದು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಾಳೆ. ಇನ್ನೂ ಹಂಗಾಮಿ. ಈ ಸಲ ಕಾಯಂ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆ. ಏಪ್ರಿಲ್ ಹದಿನೈದರೊಳಗೆ ಕಾಗದಗಳೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಆಗುತ್ತಿಲ್ಲ. ಜನನ ಪತ್ರದಲ್ಲಿ ತಂದೆ ನಾನು. ಶಾಲೆಯ ಪತ್ರದಲ್ಲಿ ತಂದೆ ನನ್ನ ತಮ್ಮ. ಅವಳನ್ನು ಶಾಲೆಗೆ ಸೇರಿಸಿದ ದಿನ ನನಗೆ ನಲವತ್ತು ಸಮವಸ್ತ್ರ ಕತ್ತರಿಸುವುದಿತ್ತು, ತಮ್ಮ ಕರೆದುಕೊಂಡು ಹೋಗಿದ್ದ. ಶಾಲೆಯ ಗುಮಾಸ್ತ ಎದುರಿಗೆ ನಿಂತವನನ್ನೇ ಅಪ್ಪ ಎಂದುಕೊಂಡು ಬರೆದುಬಿಟ್ಟ. ಹತ್ತನೇ ತರಗತಿ ಮುಗಿಯುವವರೆಗೆ ನಮಗೆ ಗೊತ್ತೇ ಆಗಲಿಲ್ಲ. ಆ ಗುಮಾಸ್ತನ ಕೈ ಸೇದಿಹೋಗ.

ಜನನ ಪತ್ರವನ್ನು ನಾನು ನಾಲ್ಕು ವರ್ಷ ತಡವಾಗಿ ಬಾಯಿಮಾತಿನ ಮೇಲೆ ಮಾಡಿಸಿದ್ದು, ಆದ್ದರಿಂದ ಅದಕ್ಕೆ ತೂಕವಿಲ್ಲವಂತೆ. ರಕ್ತ ಪರೀಕ್ಷೆ ಮಾಡಿಸಿ ತನ್ನಿ, ಡಿ.ಎನ್.ಎ. ನೋಡಿದರೆ ತಂದೆ ಯಾರೆಂದು ತಿಳಿಯುತ್ತದೆ ಎಂದ ಅಧಿಕಾರಿ.

"ಮೂವತ್ತಾರು ವರ್ಷ ಅನ್ನ ಹಾಕಿದ್ದು ಸಾಕ್ಷಿ ಅಲ್ವೇನ್ರೀ?" ಎಂದೆ.

"ಅನ್ನ ಯಾರು ಬೇಕಾದ್ರೂ ಹಾಕ್ಬೋದು ಯಜಮಾನ್ರೇ," ಎಂದ.

ಮಗಳು ನನ್ನ ತೋಳು ಹಿಡಿದು ಹೊರಗೆಳೆದುಕೊಂಡು ಬಂದಳು.

ಮಾರ್ಚ್ ೪, ಬುಧವಾರ

ರಕ್ತ ಪರೀಕ್ಷೆ ಮಾಡುವ ಕಡೆ ಹೋದೆವು. ಕೂರಲು ಉದ್ದ ಬೆಂಚು, ಗೋಡೆಯ ಮೇಲೆ ನಗುವ ಮಗುವಿನ ಚಿತ್ರ. ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. ಇರುವೆ ಸಾಲಿನಂಥ ಅಕ್ಷರ, ಇಪ್ಪತ್ತೆರಡು ಪ್ರಶ್ನೆ, ಪ್ರತಿಯೊಂದರ ಮುಂದೆ "ಹೌದು" ಒಂದು ಚೌಕ, "ಇಲ್ಲ" ಒಂದು ಚೌಕ.

"ಕೊಡಪ್ಪ, ನಾನು ಓದಿ ಹೇಳ್ತೀನಿ," ಎಂದಳು ಮಗಳು.

"ನಾಲ್ಕನೇ ಕ್ಲಾಸ್ ಓದಿದೀನಿ. ಕುರುಡ ಅಲ್ಲ."

ಮೊದಲ ಮೂರು ಓದಿದೆ. ಸಕ್ಕರೆ ಕಾಯಿಲೆ ಇದೆಯೇ, ಕಾಮಾಲೆ ಬಂದಿತ್ತೇ, ಕುಡಿಯುತ್ತೀರಾ. ಮೂರಕ್ಕೂ ಇಲ್ಲ. ಇನ್ನುಳಿದದ್ದೂ ಹೀಗೇ ಇರುತ್ತದೆ ಎಂದು ಪ್ಯಾಂಟಿನ ಪಕ್ಕದ ಹೊಲಿಗೆಗೆ ಗುರುತು ಹಾಕಿದ ಹಾಗೆ, ಮೇಲಿನಿಂದ ಕೆಳಗಿನ ತನಕ "ಇಲ್ಲ"ದ ಸಾಲಿಗೆ ಒಂದೇ ಗೆರೆ ಎಳೆದು ಕೊಟ್ಟೆ. ಗೆರೆ ನೆಟ್ಟಗೆ ಬಂತು. ಅಲ್ಲಿದ್ದ ಹುಡುಗಿ ಅದನ್ನು ನೋಡಿಯೂ ಏನೂ ಕೇಳಲಿಲ್ಲ. ಬೆರಳು ಚುಚ್ಚಿ ಒಂದು ದಪ್ಪ ಕಾಗದದ ಮೇಲೆ ನಾಲ್ಕು ತೊಟ್ಟು ರಕ್ತ ಒತ್ತಿಸಿಕೊಂಡಳು. ಮಗಳದೂ ಅಷ್ಟೆ. ಎರಡು ವಾರ ಎಂದರು.

ಮಾರ್ಚ್ ೧೩, ಶುಕ್ರವಾರ

ಕೆಲಸ ಜಾಸ್ತಿ. ಕೋರ್ಟಿನ ಹತ್ತಿರದ ವಕೀಲನೊಬ್ಬ ತನ್ನ ಕಿರಿಯರಿಗೆಂದು ಆರು ಕಪ್ಪು ಕೋಟು ಹೇಳಿದ್ದಾನೆ. ಕತ್ತರಿ ನನ್ನದು. ತೋಳು ಕೂರಿಸುವುದು, ಕಾಜ ಹಾಕುವುದು ತಮ್ಮನದು. ನಲವತ್ತೈದು ವರ್ಷದಿಂದ ಹೀಗೇ. ಕೋಟಿಗೆ ತೋಳು ಕೂರಿಸುವುದು ಸುಲಭವಲ್ಲ. ತೋಳಿನ ಬಾಯಿ ಯಾವಾಗಲೂ ಕಂಕುಳಿನ ಬಾಯಿಗಿಂತ ಒಂದು ಬೆರಳು ದೊಡ್ಡದಾಗಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಬೀಳದ ಹಾಗೆ ಒಳಗೆ ನುಂಗಿಸಬೇಕು. ತಮ್ಮ ನುಂಗಿಸುತ್ತಾನೆ. ಅವನ ಸ್ವಭಾವವೇ ಅದು.

ವಕೀಲ ಕೇಳಿದ, "ನಿಮ್ಮಿಬ್ರಲ್ಲಿ ಯಜಮಾನ ಯಾರು?"

ತಮ್ಮ ಬಾಯಲ್ಲಿದ್ದ ದಾರ ತೆಗೆದು, "ಬಯ್ಯೋರು ಅವರು, ಬೈಸ್ಕೊಳ್ಳೋನು ನಾನು. ಈಗ ನೀವೇ ತಿಳ್ಕೊಳ್ಳಿ ಸಾರ್," ಎಂದ.

ವಕೀಲ ನಕ್ಕ. ನಾನು ಇಬ್ಬರಿಗೂ ಬೈದೆ. ಜ್ವರ ಇಲ್ಲ.

ಮಾರ್ಚ್ ೧೮, ಬುಧವಾರ

ಮಗಳು ಪಾಳಿಯಲ್ಲಿದ್ದಳು. ನಾನೇ ಹೋಗಿ ಲಕೋಟೆ ಇಸಕೊಂಡೆ.

ಮೂರು ಹಾಳೆ. ಎರಡು ಹಾಳೆ ತುಂಬ ಅಂಕಿ. ಮೂರನೆಯದರ ಕೊನೆಗೆ ಎರಡು ಸಾಲು. ಈ ವ್ಯಕ್ತಿ ಈಕೆಯ ತಂದೆಯಲ್ಲ. ಹತ್ತಿರದ ರಕ್ತಸಂಬಂಧಿಯಾಗಿರುವ ಸಾಧ್ಯತೆ ಇದೆ.

ಬಸ್ ನಿಲ್ದಾಣದಲ್ಲಿ ಕುಳಿತು ನಾಲ್ಕು ಸಲ ಓದಿದೆ. ಓದು ಬರುವುದಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ನನಗೆ ಇರುವ ಹತ್ತಿರದ ರಕ್ತಸಂಬಂಧಿ ಒಬ್ಬನೇ.

ಮಾರ್ಚ್ ೧೯, ಗುರುವಾರ

ಹನ್ನೆರಡು ಕಾಜ. ಎರಡು ಕಾಲರು. ಊಟ ಒಂದು ಹೊತ್ತು.

ಮಾರ್ಚ್ ೨೧, ಶನಿವಾರ

ಲಕೋಟೆಯನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿರುವ ಕಂಬಳಿಯ ಅಡಿಗೆ ಇಟ್ಟಿದ್ದೇನೆ. ಮಗಳು ಕೇಳಿದಳು. ಇನ್ನೂ ಬಂದಿಲ್ಲ ಎಂದೆ. ಅವಳಿಗೆ ನಾನು ಸುಳ್ಳು ಹೇಳಿದ್ದು ಇದು ಮೊದಲಿರಬೇಕು. ಸುಲಭವಾಗಿ ಬಂತು.

ತಮ್ಮ ಎದುರಿನ ಯಂತ್ರದಲ್ಲಿ ಕುಳಿತಿರುತ್ತಾನೆ. ಅವನನ್ನು ನೋಡುತ್ತೇನೆ. ಮಗಳ ಕಿವಿ ಅವನದೇ. ಆದರೆ ಆ ಕಿವಿ ನಮ್ಮಪ್ಪನದು, ನನಗೂ ಅದೇ ಇದೆ. ಅವಳಿಗೆ ನಗುವಾಗ ಕಣ್ಣು ಮುಚ್ಚಿಹೋಗುತ್ತದೆ, ಇವನಿಗೂ ಹಾಗೇ. ನಾನು ನಗುವಾಗ ಏನಾಗುತ್ತದೋ ಗೊತ್ತಿಲ್ಲ, ನೋಡಿಕೊಂಡವನಲ್ಲ.

ಹೆಂಡತಿ ಹೋಗಿ ಹನ್ನೆರಡು ವರ್ಷ. ಕೇಳಲು ಅವಳಿಲ್ಲ. ಅವಳು ಇದ್ದಾಗ ಇವನು ಎರಡು ಹೊತ್ತೂ ನಮ್ಮಲ್ಲೇ ಉಣ್ಣುತ್ತಿದ್ದ. ಮದುವೆ ಮಾಡಿಕೊಳ್ಳೋ ಎಂದರೆ "ಅತ್ತಿಗೆ ಕೈ ಅಡುಗೆ ಸಾಕು" ಎನ್ನುತ್ತಿದ್ದ. ಆಗ ಅದು ತಮಾಷೆ ಎಂದುಕೊಂಡಿದ್ದೆ. ಈಗ ಪ್ರತಿ ಮಾತನ್ನೂ ಹೊಲಿಗೆ ಬಿಚ್ಚಿ ಒಳಮಗ್ಗುಲು ನೋಡುತ್ತಿದ್ದೇನೆ. ಶಾಲೆಯ ಪತ್ರವೂ ನೆನಪಾಗುತ್ತದೆ. ಗುಮಾಸ್ತನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ ಎಂದರೆ ನಾನು ಎಂಥ ಗೂಬೆ.

ಎರಡು ಕೋಟು ಹಾಳಾದವು. ನನ್ನ ಕತ್ತರಿಯಿಂದಲೇ.

ಮಾರ್ಚ್ ೨೪, ಮಂಗಳವಾರ

ಇವತ್ತು ಆಯಿತು.

ತಮ್ಮ ಒಂದು ತೋಳು ಕೂರಿಸಿ ನನ್ನ ಮುಂದೆ ಎತ್ತಿ ಹಿಡಿದ. ಎಂದಿನಂತೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾಳೆಯಿಂದ ಬರಬೇಡ," ಎಂದೆ.

"ಯಾಕಣ್ಣ? ನಾಳೆ ರಜಾನಾ?"

"ನಾಳೆ ಅಂತಲ್ಲ. ಬರಲೇಬೇಡ. ನನ್ನ ಮನೆ ಮೆಟ್ಟಿಲೂ ಹತ್ತಬೇಡ."

ಮೊದಲು ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. ಯಾಕೆ ಎಂದು ಇನ್ನೊಂದು ಸಲ ಕೇಳುತ್ತಾನೆ, ಆಗ ಎಲ್ಲವನ್ನೂ ಮುಖಕ್ಕೆ ಎಸೆಯುತ್ತೇನೆ ಎಂದು ಕಾಯುತ್ತಿದ್ದೆ. ಕೇಳಲಿಲ್ಲ. ತೋಳನ್ನು ಮಡಿಸಿ ಇಟ್ಟ. ಅವನ ಚಿಕ್ಕ ಕತ್ತರಿ, ಬೆರಳ ಟೋಪಿ, ಕನ್ನಡಕದ ಡಬ್ಬಿ ತೆಗೆದುಕೊಂಡ. ಬಾಗಿಲಲ್ಲಿ ನಿಂತು, "ನಾಲ್ಕನೇ ಕೋಟಿನ ಎಡಗಡೆ ಭುಜ ಸ್ವಲ್ಪ ಇಳಿದಿದೆ, ಆ ಹುಡುಗನ ಭುಜಾನೇ ಹಾಗೆ. ತಿದ್ದೋಕೆ ಹೋಗ್ಬೇಡ," ಎಂದು ಹೇಳಿ ಹೋದ.

ತಪ್ಪು ಮಾಡದವನು ಜಗಳವಾಡುತ್ತಾನೆ. ಇವನು ಆಡಲಿಲ್ಲ. ಇನ್ನೇನು ಬೇಕು ಸಾಕ್ಷಿ.

ಮಾರ್ಚ್ ೨೬, ಗುರುವಾರ

ತೋಳು ನಾನೇ ಕೂರಿಸಿದೆ. ನೆರಿಗೆ ಬಿತ್ತು. ಬಿಚ್ಚಿದೆ. ಮತ್ತೆ ಕೂರಿಸಿದೆ. ಮತ್ತೆ ಬಿತ್ತು. ವಕೀಲ ಬಂದು ಒಬ್ಬ ಕಿರಿಯನಿಗೆ ಹಾಕಿಸಿ ನೋಡಿ, "ಏನ್ರೀ ಇದು, ಭುಜಕ್ಕೆ ಎಲೆಕೋಸು ಕಟ್ಟಿದ ಹಾಗಿದೆ. ಎಲ್ಲಿ ನಿಮ್ಮ ತಮ್ಮ?" ಎಂದ.

"ಇಲ್ಲ."

"ಊರಿಗೆ ಹೋಗಿದಾರಾ?"

"ಇಲ್ಲ ಅಂದೆನಲ್ಲ."

ಮನೆಯಲ್ಲಿ ಮಗಳು ಕೇಳಿದಳು. ಚಿಕ್ಕಪ್ಪ ಫೋನ್ ಎತ್ತುತ್ತಿಲ್ಲ, ಅಂಗಡಿಗೂ ಬರುತ್ತಿಲ್ಲವಂತೆ, ಏನು ಮಾಡಿದೆ ಅವರಿಗೆ ಎಂದು. ನಾನು ಏನು ಮಾಡಿದೆ ಎಂದು ಕೇಳುತ್ತಾಳೆ! ತಟ್ಟೆ ಬಿಟ್ಟು ಎದ್ದೆ.

"ಆ ರಿಪೋರ್ಟು ಇನ್ನೂ ಬಂದಿಲ್ವಾ? ಹದಿನೈದಕ್ಕೆ ಬಾಗಿಲು ಹಾಕ್ತಾರಪ್ಪ. ಈ ಸಲ ತಪ್ಪಿದ್ರೆ ನನ್ನ ವಯಸ್ಸು ಮೀರಿಹೋಗುತ್ತೆ. ಸಾಯೋ ತನಕ ಹಂಗಾಮಿನೇ."

"ಬಂದಾಗ ಬರುತ್ತೆ."

ಬೆಳಗಿನ ಪಾಳಿಗೆ ಅವಳು ನಾಲ್ಕಕ್ಕೆ ಏಳುತ್ತಾಳೆ. ಎಂಟು ವರ್ಷದಿಂದ ನನ್ನ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿಟ್ಟೇ ಹೋಗುವುದು. ಅವಳಿಗೆ ಇದರಲ್ಲಿ ತಪ್ಪೇನೂ ಇಲ್ಲ. ಹಾಗೆಂದು ಹೇಳಿಕೊಂಡೆ. ಹೇಳಿಕೊಂಡರೂ ಅವಳ ಮುಖ ನೋಡಲು ಆಗಲಿಲ್ಲ.

ಮಾರ್ಚ್ ೨೭, ಶುಕ್ರವಾರ

ಮಾತ್ರೆ ನುಂಗಲಿಲ್ಲ. ಜ್ವರ ಇಲ್ಲ.

ಮಾರ್ಚ್ ೩೦, ಸೋಮವಾರ

ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರಬೇಕು. ಇವತ್ತು ಆ ದಿನ. ಹೋಗುವ ಮನಸ್ಸಿರಲಿಲ್ಲ. ಅಂಗಡಿಯಲ್ಲಿ ಕುಳಿತು ನೆರಿಗೆ ನೋಡುವುದಕ್ಕಿಂತ ವಾಸಿ ಎಂದು ಹೋದೆ.

ಅಲ್ಲಿ ರಕ್ತ ತೆಗೆಯುವ ಹೆಂಗಸೊಬ್ಬಳಿದ್ದಾಳೆ. ಎಂಟು ವರ್ಷದಿಂದ ಅವಳೇ. ನಾನು ಅವಳನ್ನು ಸೂಜಿಯಮ್ಮ ಎನ್ನುತ್ತೇನೆ, ಅವಳು ನನ್ನನ್ನು ಮುಂಗೋಪಿ ಎನ್ನುತ್ತಾಳೆ. ತೋಳಿಗೆ ಪಟ್ಟಿ ಬಿಗಿಯುತ್ತ, "ಏನು ಮುಂಗೋಪಿಗಳು ಇವತ್ತು ಬೈತಾನೇ ಇಲ್ಲ? ಮೈ ಸರಿ ಇಲ್ವಾ?" ಎಂದಳು.

ಶೀಶೆಯೊಳಗೆ ರಕ್ತ ಏರುತ್ತಿತ್ತು.

"ಇದರಲ್ಲಿ ಡಿ.ಎನ್.ಎ. ಇರುತ್ತಾ?" ಎಂದು ಕೇಳಿದೆ.

"ಯಾಕೆ, ಯಾರನ್ನಾದ್ರೂ ಕೊಂದ್ರಾ?"

"ಕೇಳಿದ್ದಕ್ಕೆ ಉತ್ತರ ಹೇಳಮ್ಮ. ನನ್ನ ಗಿರಾಕಿ ಒಬ್ಬ ಕೇಳ್ತಿದ್ದ."

"ಗಿರಾಕಿ!" ಎಂದಳು. ಆಮೇಲೆ ಶೀಶೆಯನ್ನು ಬೆಳಕಿಗೆ ಹಿಡಿದಳು. "ಇಷ್ಟೂ ಕೆಂಪಗೆ ಕಾಣುತ್ತಲ್ಲ, ಇದರಲ್ಲಿ ಇಲ್ಲ. ಕೆಂಪು ಕಣ ಎಲುಬಿನೊಳಗೆ ಹುಟ್ಟುವಾಗ ಅದಕ್ಕೂ ಇರುತ್ತೆ. ಬಲಿತು ರಕ್ತಕ್ಕೆ ಇಳಿಯೋಕೆ ಮುಂಚೆ ಅದನ್ನ ಹೊರಗೆ ಎಸೆದು ಬರುತ್ತೆ. ಪ್ರಾಣವಾಯು ಹೊರಬೇಕಲ್ಲ, ಒಳಗೆ ಜಾಗ ಬೇಕು."

"ಅಂದ್ರೆ ಅಳತೆ ಚೀಟಿ ಇಲ್ಲದ ಬಟ್ಟೆ."

"ಹೊಲಿದು ಮುಗಿದ ಬಟ್ಟೆಗೆ ಚೀಟಿ ಯಾಕ್ರೀ ಬೇಕು? ಹಾಕ್ಕೊಂಡು ಹರಿಯೋದಷ್ಟೆ. ನಾಲ್ಕು ತಿಂಗಳಿಗೆ ಹರಿದು ಹೋಗುತ್ತೆ, ಬೇರೆದು ಬರುತ್ತೆ."

"ಮತ್ತೆ ಗಾಯ ಆದಾಗ ಹೆಪ್ಪುಗಟ್ಟುತ್ತಲ್ಲ, ಅದು?"

"ಅದು ಪೂರ್ತಿ ಕಣವೂ ಅಲ್ಲ, ದೊಡ್ಡ ಕಣ ಒಂದರಿಂದ ಉದುರಿದ ಚೂರು. ನಿಮ್ಮ ಅಂಗಡೀಲಿ ಕತ್ತರಿಸಿ ಉಳಿದ ತುಂಡು ಬಟ್ಟೆ ಇರಲ್ವಾ, ಹಾಗೆ. ತೇಪೆ ಹಾಕೋಕೆ ಬರುತ್ತೆ. ಅದರಲ್ಲೂ ಈ ಪರೀಕ್ಷೆಯೋರು ಹುಡುಕೋದು ಸಿಗಲ್ಲ."

"ಹಾಗಾದ್ರೆ ರಕ್ತದಲ್ಲಿ ಅಪ್ಪ ಯಾರು ಅಂತ ಹುಡುಕ್ತಾರಲ್ಲ, ಅದೆಲ್ಲ ಬೊಗಳೆ?"

ಬಾಯಿ ತಪ್ಪಿತು. ಅವಳು ನನ್ನ ಮುಖ ನೋಡಿದಳು.

"ಬೊಗಳೆ ಅಲ್ಲ. ಬಿಳಿ ಕಣ ಅಂತ ಇರುತ್ತೆ, ರೋಗ ಬಂದ್ರೆ ಹೊಡೆದಾಡೋದು. ಕೆಂಪಿನ ಲೆಕ್ಕಕ್ಕೆ ನೋಡಿದ್ರೆ ಬೆರಳೆಣಿಕೆ. ಅದರಲ್ಲಿ ಪೂರ್ತಿ ಇರುತ್ತೆ. ಅವರು ನೋಡೋದು ಅದನ್ನೇ."

"ಅದು ಸುಳ್ಳು ಹೇಳುತ್ತಾ?"

"ಹೇಳಲ್ಲ. ಆದ್ರೆ ಅದು ಯಾರದು ಅಂತ ಮೊದಲು ಕೇಳ್ಬೇಕು." ಪಟ್ಟಿ ಬಿಚ್ಚಿ ಹತ್ತಿ ಒತ್ತಿದಳು. "ಯಾಕಂದ್ರೆ ನಿಮ್ಮ ಬಿಳಿ ಕಣ ನಿಮ್ಮದಲ್ಲ."

ನಾನು ಹತ್ತಿಯ ಮೇಲೆ ಬೆರಳು ಒತ್ತಿ ಹಿಡಿದೆ.

"ಎಂಟು ವರ್ಷದ ಹಿಂದೆ ನಿಮ್ಮ ಮಜ್ಜೆ ಪೂರ್ತಿ ಸಾಯಿಸಿ ತಮ್ಮಂದು ಹಾಕಿಲ್ವಾ? ರಕ್ತ ಹುಟ್ಟೋದೇ ಮಜ್ಜೇಲಿ. ಅವತ್ತಿಂದ ನಿಮ್ಮ ಮೈಯಲ್ಲಿ ಓಡಾಡ್ತಿರೋದು ತಮ್ಮನ ರಕ್ತ. ರಕ್ತದ ಗುಂಪೇ ಬದಲಾಯ್ತು ಅಂತ ನೀವೇ ಇಲ್ಲಿ ಕೂತು ಜಗಳ ಆಡಿರಲಿಲ್ವಾ, ಶೀಶೆ ಅದಲುಬದಲು ಮಾಡಿದೀರಿ ಅಂತ? ನಿಮ್ಮ ರಕ್ತ ಕೊಟ್ಟು ಅಪ್ಪ ಯಾರು ಅಂದ್ರೆ, ಪರೀಕ್ಷೆಯೋರು ನಿಮ್ಮ ತಮ್ಮನ್ನ ನೋಡಿ ಉತ್ತರ ಹೇಳ್ತಾರೆ. ಅವರು ಕೊಡೋ ಅರ್ಜೀಲೇ ಇರುತ್ತಲ್ಲ, ಮಜ್ಜೆ ಹಾಕಿಸ್ಕೊಂಡಿದೀರಾ ಅಂತ. ಹೌದು ಅಂತ ಬರೆದ್ರೆ ಅವರು ರಕ್ತ ಮುಟ್ಟೋದೇ ಇಲ್ಲ, ಕೂದಲು ಬುಡ ಸಮೇತ ಕಿತ್ಕೊತಾರೆ. ಕೂದಲಿನ ಬುಡ ನಿಮ್ಮದೇ."

ಇಪ್ಪತ್ತೆರಡು ಪ್ರಶ್ನೆ. ಒಂದೇ ಗೆರೆ. ನೆಟ್ಟಗಿನ ಗೆರೆ.

ಹತ್ತಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ. "ಏಳ್ರೀ, ಹಿಂದೆ ಜನ ನಿಂತಿದಾರೆ," ಎಂದಳು. ಎದ್ದೆ. ಬಾಗಿಲ ತನಕ ಹೋದವನನ್ನು ಕರೆದು, "ಗಿರಾಕಿಗೆ ಹೇಳಿ, ಕೂದಲು ಕೊಡೋ ಮುಂಚೆ ತೀರ್ಮಾನ ಮಾಡ್ಬೇಡ ಅಂತ," ಎಂದಳು.

ಆಗಲೇ ಆಗಿಹೋಗಿದೆ ಎಂದು ಹೇಳಲಿಲ್ಲ.

ಮಾರ್ಚ್ ೩೧, ಮಂಗಳವಾರ

ಮಗಳು ಪಾಳಿ ಮುಗಿಸಿ ಬಂದ ಕೂಡಲೇ ಲಕೋಟೆಯನ್ನು ಮೇಜಿನ ಮೇಲೆ ಇಟ್ಟೆ. ಓದಿದಳು. ಖಾಕಿ ಅಂಗಿಯನ್ನೂ ಬಿಚ್ಚಿರಲಿಲ್ಲ. ಸೂಜಿಯಮ್ಮ ಹೇಳಿದ್ದನ್ನೆಲ್ಲ ಹೇಳಿದೆ, ಗೆರೆ ಎಳೆದದ್ದನ್ನೂ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಹದಿಮೂರು ದಿನ," ಎಂದಳು. "ಹದಿಮೂರು ದಿನ ಇದನ್ನ ಮುಚ್ಚಿಟ್ಕೊಂಡು ನನ್ನ ಕೈಯಿಂದ ಊಟ ಮಾಡಿದೀಯ. ನನ್ನನ್ನ ಏನು ಅಂದ್ಕೊಂಡಿದ್ದೆ? ಅಮ್ಮನ್ನ ಏನು ಅಂದ್ಕೊಂಡಿದ್ದೆ?"

"ಕಾಗದದಲ್ಲಿ ಹಾಗೆ ಬರೆದಿತ್ತು."

"ಕಾಗದ ನಂಬಿದೆ. ಶಾಲೆ ಕಾಗದ ಸುಳ್ಳು ಅಂತ ಜಗಳ ಆಡ್ಕೊಂಡು ಓಡಾಡೋನು, ಈ ಕಾಗದ ಮಾತ್ರ ನಂಬಿದೆ." ಹಾಳೆಗಳನ್ನು ಲಕೋಟೆಗೆ ತುರುಕಿ, "ಚಿಕ್ಕಪ್ಪಂಗೆ ಏನು ಹೇಳಿದೆ?" ಎಂದಳು.

ಬರಬೇಡ ಎಂದಷ್ಟೇ ಹೇಳಿದ್ದು, ಕಾರಣ ಹೇಳಲಿಲ್ಲ ಎಂದೆ.

"ಅವರಿಗೆ ತಿಳಿಯೋಕೆ ಕಾರಣ ಹೇಳ್ಬೇಕಾ? ಪರೀಕ್ಷೆಗೆ ಕೊಟ್ಟಿರೋದು ಅವರಿಗೆ ಗೊತ್ತಿಲ್ವಾ?"

ಅದು ನನಗೆ ಹೊಳೆದೇ ಇರಲಿಲ್ಲ.

ಅವಳು ಊಟ ಬಡಿಸಿ ತನ್ನ ಕೋಣೆಗೆ ಹೋದಳು. ಮಾತ್ರೆ ಡಬ್ಬಿಯಲ್ಲಿ ಜೋಡಿಸಿಯೇ ಇತ್ತು. ನುಂಗಿದೆ.

ಏಪ್ರಿಲ್ ೧, ಬುಧವಾರ

ಕೂದಲು ಕೊಟ್ಟು ಬಂದೆ. ತಲೆಯಲ್ಲಿ ಉಳಿದಿರುವುದೇ ಸ್ವಲ್ಪ, ಅದರಲ್ಲಿ ಹತ್ತು ಕಿತ್ತರು. ಈ ಸಲ ಅರ್ಜಿಯನ್ನು ಮಗಳು ಓದಿದಳು, ನಾನು ಹೌದು ಇಲ್ಲ ಹೇಳಿದೆ. ಹದಿನೇಳನೆಯ ಪ್ರಶ್ನೆಗೆ ಹೌದು. ಹತ್ತು ದಿನ ಎಂದರು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಇಳಿಯುವಾಗ "ಮೆಟ್ಟಿಲು ನೋಡ್ಕೊಂಡು" ಎಂದಳು.

ಏಪ್ರಿಲ್ ೨, ಗುರುವಾರ

ತಮ್ಮನ ಕೋಣೆ ಸೈಕಲ್ ಅಂಗಡಿಯ ಮೇಲೆ. ಇಪ್ಪತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಎರಡು ಸಲ. ಯಾವಾಗಲೂ ಅವನೇ ಬರುತ್ತಿದ್ದವನು. ಮಂಚ, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ. ಕಿಟಕಿಯ ಹತ್ತಿರ ಕುಳಿತು ಯಾರದೋ ಹಳೆಯ ಚೀಲಕ್ಕೆ ಜಿಪ್ ಹಾಕುತ್ತಿದ್ದ. ಕೋಟಿಗೆ ತೋಳು ಕೂರಿಸುವ ಕೈ, ಚೀಲಕ್ಕೆ ಜಿಪ್.

"ಬಾಣ್ಣ," ಎಂದ. ಎದ್ದು ಕುರ್ಚಿ ಕೊಟ್ಟು ತಾನು ಮಂಚದ ಮೇಲೆ ಕುಳಿತ.

ಎಲ್ಲ ಹೇಳಿದೆ. ಬಿಳಿ ಕಣ, ಕೆಂಪು ಕಣ, ಗೆರೆ, ಕೂದಲು. ಕ್ಷಮಿಸು ಎನ್ನಲಿಲ್ಲ. ಬಾಯಿಗೆ ಬರಲಿಲ್ಲ, ರೂಢಿಯಿಲ್ಲ. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಅವತ್ತೇ ಯಾಕೋ ಬಾಯಿ ಬಿಡಲಿಲ್ಲ? ನಾನೇನೂ ಮಾಡಿಲ್ಲ ಅಂತ ಒಂದು ಮಾತು ಹೇಳಬಾರದಾ?" ಎಂದೆ.

"ಮಾಡಿದೀನಿ ಅದಕ್ಕೆ."

ನನ್ನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

"ನೀನು ಅಂದ್ಕೊಂಡಿದ್ದಲ್ಲ," ಎಂದ. "ಶಾಲೆ ಗುಮಾಸ್ತ ತಪ್ಪು ಬರೀಲಿಲ್ಲ ಅಣ್ಣ. 'ತಂದೆ ಹೆಸರು?' ಅಂತ ಕೇಳಿದ. ಮಗು ನನ್ನ ಹೆಬ್ಬೆರಳು ಹಿಡ್ಕೊಂಡು ನಿಂತಿತ್ತು. ನನ್ನ ಹೆಸರು ಹೇಳಿದೆ. ಬಾಯಿ ತಪ್ಪಿ ಅಲ್ಲ. ಒಂದು ಸಲ ಹೇಳಿ ನೋಡೋಣ ಅನ್ನಿಸ್ತು, ಹೇಳ್ಬಿಟ್ಟೆ. ಮಾರನೇ ದಿನ ತಿದ್ದಿಸೋಕೆ ಹೋದೆ, ಗುಮಾಸ್ತ ರಜಾ. ಆಮೇಲೆ ಹೋಗ್ಲಿಲ್ಲ. ವರ್ಷಾ ವರ್ಷಾ ನೀನು ಆ ಗುಮಾಸ್ತನ್ನ ಬೈತಿದ್ದಾಗ ಕಾಜ ಹಾಕ್ತಾ ಕೂತಿರ್ತಿದ್ದೆ. ನೀನು ಬರಬೇಡ ಅಂದಾಗ, ಕೊನೆಗೂ ತಿಳೀತೇನೋ ಅಂದ್ಕೊಂಡೆ."

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಿಲ್ಲುವ ತನಕ ಕಾದೆ.

"ಬರೀ ಹೆಸರು ಅಷ್ಟೇನಾ?"

"ಅತ್ತಿಗೆ ನನಗೆ ಬಡಿಸಿದ್ದು ಅನ್ನ ಮಾತ್ರ, ಅಣ್ಣ."

ಕೂದಲಿನ ಫಲಿತಾಂಶ ಇನ್ನೂ ಬಂದಿಲ್ಲ. ಬರುವ ತನಕ ಕಾಯಬಹುದಿತ್ತು. ಅಷ್ಟರಲ್ಲಿ ವಕೀಲ ಬಂದು ಕತ್ತು ಹಿಡಿಯುತ್ತಾನೆ. "ಮೂರು ಕೋಟು ತೋಳಿಲ್ಲದೆ ನೇತಾಡ್ತಿದೆ. ನಾಳೆ ಬೇಗ ಬಾ," ಎಂದೆ.

"ಬಯ್ಯಲ್ವಾ?"

"ನಾಳೆ ಬೈತೀನಿ."

ಏಪ್ರಿಲ್ ೩, ಶುಕ್ರವಾರ

ಬಂದ. ನಾನು ಕೂರಿಸಿದ್ದ ತೋಳುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದ. "ಪರವಾಗಿಲ್ಲ, ಎಲೆಕೋಸು ಚೆನ್ನಾಗೇ ಬೆಳೆದಿದೆ," ಎಂದ. ಇವನಿಗೆ ವಕೀಲ ದಾರಿಯಲ್ಲಿ ಸಿಕ್ಕಿರಬೇಕು.

ಇಪ್ಪತ್ತು ವರ್ಷ ಆ ಗುಮಾಸ್ತನಿಗೆ ಶಾಪ ಹಾಕಿದೆ. ಅವನು ತನಗೆ ಹೇಳಿದ್ದನ್ನೇ ಬರೆದಿದ್ದ, ಅಷ್ಟೆ.

ತಮ್ಮನ ಮೇಲೆ ಸಿಟ್ಟು ಬರುತ್ತದೇನೋ ಎಂದು ದಿನವಿಡೀ ಕಾದೆ. ಒಂದು ಸಲ ಬಂತು, ಇಸ್ತ್ರಿಪೆಟ್ಟಿಗೆ ಆರಿಸದೆ ಇಟ್ಟಿದ್ದಕ್ಕೆ.

ಏಪ್ರಿಲ್ ೧೧, ಶನಿವಾರ

ಲಕೋಟೆ ಬಂತು. ಒಡೆಯದೆ ಮಗಳಿಗೆ ಕೊಟ್ಟೆ. ಅಂಗಡಿಯಲ್ಲೇ ನಿಂತು ಓದಿದಳು. ತಮ್ಮ ಯಂತ್ರ ನಿಲ್ಲಿಸಿದ.

"ನೀನೇ," ಎಂದಳು ನನ್ನನ್ನು ನೋಡಿ. "ಈ ಮುಂಗೋಪ ಎಲ್ಲಿಂದ ಬಂತು ಅಂತ ಇಷ್ಟೆಲ್ಲ ಪರೀಕ್ಷೆ ಮಾಡಿಸ್ಬೇಕಿತ್ತಾ?"

ಅವಳು ನನ್ನೊಡನೆ ಸರಿಯಾಗಿ ಮಾತಾಡಿದ್ದು ಹನ್ನೊಂದು ದಿನದ ಮೇಲೆ. ಚಿಕ್ಕಪ್ಪ ಹೇಳಿದ ಮಾತು ಅವಳಿಗೆ ಗೊತ್ತಿಲ್ಲ. ಅವನು ಹೇಳಿಲ್ಲ. ನಾನೂ ಹೇಳಿಲ್ಲ.

ಏಪ್ರಿಲ್ ೧೩, ಸೋಮವಾರ

ದಾಖಲೆ ಕಚೇರಿಗೆ ಮೂವರೂ ಹೋದೆವು. ಶಾಲೆಯ ಪತ್ರದಲ್ಲಿ ಹೆಸರಿರುವವನು ಬಂದು ಒಪ್ಪಿಗೆ ಹಾಕಬೇಕಂತೆ, ಅದಕ್ಕೆ ತಮ್ಮನೂ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಸಾಲಿನಲ್ಲಿ ಒಂದು ಗಂಟೆ ನಿಂತೆವು.

ಅದೇ ಅಧಿಕಾರಿ. ಫಲಿತಾಂಶ ನೋಡಿದ, ಕನ್ನಡಕದ ಮೇಲಿಂದ ನನ್ನನ್ನೂ ನೋಡಿದ. ತಿದ್ದುಪಡಿಯ ಅರ್ಜಿ ತೆಗೆದು ಬರೆಯಲು ಕುಳಿತ. ಹಳೆಯ ಹೆಸರು, ಹೊಸ ಹೆಸರು, ಸಂಬಂಧ. ಆಮೇಲೆ ಒಂದು ಖಾನೆಯ ಮೇಲೆ ಪೆನ್ನು ನಿಲ್ಲಿಸಿದ.

"ತಪ್ಪು ಯಾರಿಂದ ಆಯ್ತು, ಹೇಗಾಯ್ತು ಅಂತ ಬರೀಬೇಕು. ಶಾಲೆ ಗುಮಾಸ್ತನ ಕೈತಪ್ಪು ಅಂತ ಹಾಕ್ಲಾ? ಎಲ್ಲರೂ ಹಾಗೇ ಹಾಕಿಸ್ತಾರೆ. ಆ ಕಾಲದ ಗುಮಾಸ್ತರು ಈಗ ಯಾರಿದಾರೆ ಕೇಳೋಕೆ."

ಪಕ್ಕದಲ್ಲಿ ತಮ್ಮ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆಯುತ್ತಿದ್ದಾನೆ ಎಂದು ತಿಳಿಯಿತು. ಮಗಳು ಆ ಕಡೆ ಕೌಂಟರಿಗೆ ಒರಗಿ ನಿಂತು, ಅಧಿಕಾರಿಯ ಪೆನ್ನನ್ನೇ ನೋಡುತ್ತಿದ್ದಳು. ನಾನು ತಮ್ಮನ ಕಾಲು ತುಳಿದೆ.

"ಗುಮಾಸ್ತಂದಲ್ಲ," ಎಂದೆ. "ಅವನು ಸರಿಯಾಗೇ ಬರೆದ."

"ಮತ್ತೆ?"

"ನನ್ನ ತಪ್ಪು. ಮಗಳನ್ನ ಶಾಲೆಗೆ ಸೇರಿಸೋ ದಿನ ಅಪ್ಪ ಹೋಗ್ಬೇಕಿತ್ತು. ನಾನು ಹೋಗ್ಲಿಲ್ಲ. ಹಾಗೇ ಬರೀರಿ."

"ಹೋಗ್ಲಿಲ್ಲ ಅಂತ ಬರೀಲಾ?"

"ಬರೀರಿ."

ಬರೆದ. ನನ್ನ ಕಡೆಗೆ ತಿರುಗಿಸಿದ. ಈ ಸಲ ಪೂರ್ತಿ ಓದಿದೆ, ಬೆರಳಿಟ್ಟು, ಒಂದೊಂದೇ ಸಾಲು. ಹಿಂದೆ ನಿಂತವರು ಗೊಣಗಿದರು. ಓದಿ ಮುಗಿಸಿ ಸಹಿ ಹಾಕಿದೆ. ತಮ್ಮನೂ ಹಾಕಿದ. ಅವನ ಅಕ್ಷರ ಸೊಟ್ಟಗಾಯಿತು.

ಹೊರಗೆ ಬಂದ ಮೇಲೆ ಮಗಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. "ಏನು?" ಎಂದೆ. "ಏನಿಲ್ಲ," ಎಂದಳು. ಹನ್ನೆರಡಕ್ಕೆ ಅವಳ ಪಾಳಿ. ಡಿಪೋ ಕಡೆಗೆ ಓಡಿದಳು.

ನಾವಿಬ್ಬರೂ ನಡೆದೆವು. ನಾಲ್ಕು ಹೆಜ್ಜೆಯಾದ ಮೇಲೆ ತಮ್ಮ "ಅಣ್ಣ" ಎಂದ.

"ಸುಮ್ನೆ ನಡಿ," ಎಂದೆ. "ಒಂದು ಕೋಟಿನ ತೋಳು ಬಾಕಿ ಇದೆ."